ಕನ್ನಡಕ ಬಿಡಿಸುವ ಲೇಸರ್: ಟೇಬಲ್ ಹತ್ತುವ ಮುಂಚೆ ಏನೇನು ನೋಡಿಕೊಳ್ಳಬೇಕು?

"ನನಗೆ ಮೈನಸ್ ನಾಲ್ಕು ಪವರ್ ಇದೆ, ಲೇಸರ್ ಮಾಡಿಸಬಹುದಾ?" "ನೋವಾಗುತ್ತಾ?" "ಮಾಡಿಸಿದ ಮೇಲೆ ಮತ್ತೆ ಪವರ್ ಬಂದರೆ?" "ಮದುವೆಗೆ ಎರಡು ತಿಂಗಳಿದೆ, ಅಷ್ಟು ಸಾಕಾ?" ಓದುಗರು ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ಒಬ್ಬೊಬ್ಬರಿಗೂ ಒಂದೊಂದು ತುಂಡು ಉತ್ತರ ಕೊಡುವ ಬದಲು, ಮೊದಲಿಂದ ಕೊನೆವರೆಗೆ ಒಂದೇ ಕಡೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರಿಗೂ ಭಯ ಇರುವುದು ಆಪರೇಷನ್ ಬಗ್ಗೆ. ಅದು ಎರಡೂ ಕಣ್ಣಿಗೆ ಸೇರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ಆದರೆ ಮುಂದೆ ಬರುವ ದೊಡ್ಡ ತೊಂದರೆಗಳಲ್ಲಿ ಬಹಳಷ್ಟನ್ನು ಮೊದಲ ಪರೀಕ್ಷೆಯಲ್ಲೇ ಹಿಡಿಯಬಹುದು. ಅದಕ್ಕೇ ಇಲ್ಲಿ ಪರೀಕ್ಷೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ನಿಮ್ಮ ಕಣ್ಣಿಗೆ ಆಗುತ್ತದೋ ಇಲ್ಲವೋ ಅನ್ನುವ ಕೊನೆಯ ಮಾತು ಮಾತ್ರ ಕಣ್ಣಿನ ಡಾಕ್ಟರದೇ.

ಲೇಸರ್ ಮಾಡುವುದಾದರೂ ಏನು?

ಕರಿಗುಡ್ಡೆಯ ಮುಂದೆ, ವಾಚಿನ ಗಾಜಿನ ಹಾಗೆ ಸ್ವಲ್ಪ ಉಬ್ಬಿ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಇದರದ್ದು. ಮೈನಸ್ ಪವರ್ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಕೊಂಚ ಉದ್ದ ಇರುತ್ತದೆ. ಹಾಗಾಗಿ ದೂರದ ವಸ್ತುವಿನ ಬಿಂಬ ಹಿಂದಿನ ಪರದೆಯಾದ ರೆಟಿನಾ ಮುಟ್ಟುವ ಮುಂಚೆಯೇ ಮೂಡಿಬಿಡುತ್ತದೆ. ಕಾರ್ನಿಯಾವನ್ನು ನಡುವೆ ಸ್ವಲ್ಪ ಚಪ್ಪಟೆ ಮಾಡಿದರೆ ಬಿಂಬ ಹಿಂದಕ್ಕೆ ಸರಿದು ಪರದೆಯ ಮೇಲೆ ಕೂರುತ್ತದೆ. ಪ್ಲಸ್ ಪವರ್‌ಗೆ ಇದರ ಉಲ್ಟಾ: ಸುತ್ತ ಸವೆಸಿ ನಡುವನ್ನು ಉಬ್ಬಿಸುತ್ತಾರೆ. ಸಿಲಿಂಡರ್ ಪವರ್ ಅಂದರೆ ಕಾರ್ನಿಯಾ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಬಾಗಿಲ್ಲ ಅಂತ. ಅಲ್ಲಿ ಒಂದು ದಿಕ್ಕಿಗೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ ಸವೆಸುತ್ತಾರೆ.

ಹೀಗೆ ಸವೆಸಲು ಬಳಸುವುದು ಎಕ್ಸೈಮರ್ ಲೇಸರ್. 193 ನ್ಯಾನೋಮೀಟರಿನ ಅಲ್ಟ್ರಾವಯೊಲೆಟ್ ಬೆಳಕು ಅದು. ಭಾರತದಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿದ್ದಾಗ, 1981ರ ನವೆಂಬರ್‌ನಲ್ಲಿ, ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ಮೂಳೆ ತಂದು ಇದರ ಕೆಳಗೆ ಇಟ್ಟು ನೋಡಿದರು. ಬೇಕಾದಷ್ಟು ಮಾತ್ರ ಕೊರೆದಿತ್ತು, ಸುತ್ತ ಸುಟ್ಟಿರಲಿಲ್ಲ. ಈ ಬೆಳಕು ಅಣುಗಳ ನಡುವಿನ ಬಂಧವನ್ನೇ ಮುರಿಯುತ್ತದೆ, ಪಕ್ಕಕ್ಕೆ ಬಿಸಿ ಹರಡುವುದು ತೀರಾ ಕಮ್ಮಿ. ಟೇಬಲ್ ಮೇಲೆ ಕೂದಲು ಸುಟ್ಟ ಹಾಗೆ ವಾಸನೆ ಬಂದಾಗ ಇದನ್ನು ನೆನಪು ಮಾಡಿಕೊಳ್ಳಿ. ನಿಮ್ಮ ಕಣ್ಣೇನೂ ಸುಡುತ್ತಿರುವುದಿಲ್ಲ.

1. ಆಸ್ಪತ್ರೆಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಲೆಕ್ಕ

18 ತುಂಬಿರಬೇಕು. ಅದಕ್ಕಿಂತ ಮುಖ್ಯ, ಪವರ್ ನಿಂತಿರಬೇಕು. ಕಳೆದ ಒಂದು ವರ್ಷದಲ್ಲಿ ಅರ್ಧ ಡಯಾಪ್ಟರ್‌ಗಿಂತ ಜಾಸ್ತಿ ಬದಲಾಗಿರಬಾರದು (ಡಯಾಪ್ಟರ್ ಅಂದರೆ ಕನ್ನಡಕದ ಪವರ್ ಅಳೆಯುವ ಮಾನ). ನಿಮ್ಮ ಹಳೆಯ ಚೀಟಿಗಳನ್ನು, ಕನ್ನಡಕದ ಅಂಗಡಿಯವರು ಕೊಟ್ಟ ಕಾರ್ಡನ್ನು ಹುಡುಕಿ ತೆಗೆಯಿರಿ. ಹೋದ ವರ್ಷ ಮೈನಸ್ 3.5, ಈ ವರ್ಷ ಮೈನಸ್ 4.25 ಅಂತಿದ್ದರೆ ಸುಮ್ನೆ ಒಂದು ವರ್ಷ ಕಾಯಿರಿ. ಏರುತ್ತಿರುವ ಪವರನ್ನು ಲೇಸರ್ ನಿಲ್ಲಿಸುವುದಿಲ್ಲ.

ಈ ಕೆಳಗಿನವು ಇದ್ದರೆ ಡಾಕ್ಟರ್‌ಗೆ ಮೊದಲ ಮಾತಲ್ಲೇ ಹೇಳಿಬಿಡಿ:

- ಬಸುರಿ ಅಥವಾ ಎದೆಹಾಲು ಕುಡಿಸುತ್ತಿರುವ ತಾಯಿ. ಹಾರ್ಮೋನಿನಿಂದ ಪವರ್ ಏರುಪೇರಾಗುತ್ತದೆ. ಇದು ಮುಂದಕ್ಕೆ ಹಾಕುವ ವಿಷಯವಷ್ಟೇ.
- ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ರುಮಟಾಯ್ಡ್ ಕೀಲುವಾತ, ಲೂಪಸ್‌ನಂಥ ಕಾಯಿಲೆಗಳು. ಗಾಯ ಮಾಯುವುದು ಕಷ್ಟ.
- ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ. ಕಣ್ಣು ಒಣಗಿಸುತ್ತದೆ. ಮೊಡವೆಗೂ ಕಣ್ಣಿಗೂ ಏನು ಸಂಬಂಧ ಅಂತ ಹೇಳದೇ ಇರುವವರೇ ಜಾಸ್ತಿ.
- ಕಣ್ಣಿಗೆ ಹಿಂದೆ ಹರ್ಪಿಸ್ ಸೋಂಕು ಬಂದಿದ್ದರೆ.
- ಮನೆಯಲ್ಲಿ ಯಾರಿಗಾದರೂ ಕೆರಟೊಕೋನಸ್ ಇದ್ದರೆ, ಅಥವಾ ನಿಮಗೆ ಸದಾ ಕಣ್ಣು ಉಜ್ಜುವ ಅಭ್ಯಾಸ ಇದ್ದರೆ. ಇದರ ಬಗ್ಗೆ ಮೂರನೇ ಹಂತದಲ್ಲಿ ವಿವರವಾಗಿ ಹೇಳುತ್ತೇನೆ.

ನಲವತ್ತು ದಾಟಿದವರಿಗೆ ಬೇರೆಯದೇ ಮಾತು. ದೂರದ ಪವರ್ ತೆಗೆಸಿದರೂ ಚಾಳೀಸು ಬಂದೇ ಬರುತ್ತದೆ. ಅದು ಒಳಗಿನ ಲೆನ್ಸು ಗಟ್ಟಿಯಾಗುವುದರಿಂದ ಬರುವುದು, ಕಾರ್ನಿಯಾದಿಂದಲ್ಲ. ಮೈನಸ್ ಎರಡು ಇರುವವರು ಈಗ ಕನ್ನಡಕ ತೆಗೆದು ಆರಾಮಾಗಿ ಪೇಪರ್ ಓದುತ್ತಾರೆ, ಅಲ್ವಾ? ಲೇಸರ್ ಆದ ಮೇಲೆ ಆ ಅನುಕೂಲ ಹೋಗುತ್ತದೆ. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುವ ಪದ್ಧತಿ ಇದೆ, ಮೊನೊವಿಷನ್ ಅಂತಾರೆ. ಕೆಲವರಿಗೆ ಒಗ್ಗುತ್ತದೆ, ಕೆಲವರಿಗೆ ತಲೆನೋವು. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಕೆಲವು ದಿನ ಅಭ್ಯಾಸ ಮಾಡಿ ನೋಡದೆ ಒಪ್ಪಬೇಡಿ.

2. ಕಾಂಟ್ಯಾಕ್ಟ್ ಲೆನ್ಸ್ ಬಿಡಿ

ಲೆನ್ಸು ಕಾರ್ನಿಯಾದ ಮೇಲೆ ಕೂತು ಅದರ ಆಕಾರವನ್ನು ಸ್ವಲ್ಪ ಬದಲಿಸಿರುತ್ತದೆ. ಆ ಆಕಾರವನ್ನೇ ಅಳೆದು ಲೇಸರ್‌ಗೆ ಲೆಕ್ಕ ಕೊಟ್ಟರೆ ಫಲಿತಾಂಶವೂ ತಪ್ಪಾಗುತ್ತದೆ. ಮೆತ್ತನೆಯ ಲೆನ್ಸ್ ಆದರೆ ಪರೀಕ್ಷೆಗೆ ಒಂದರಿಂದ ಎರಡು ವಾರ ಮುಂಚೆ, ಗಟ್ಟಿ ಲೆನ್ಸ್ ಆದರೆ ಮೂರ್ನಾಲ್ಕು ವಾರ ಮುಂಚೆ ನಿಲ್ಲಿಸಿ. "ನಿನ್ನೆ ಒಂದು ಫಂಕ್ಷನ್ ಇತ್ತು, ಒಂದೇ ದಿನ ಹಾಕಿದ್ದೆ" ಅನ್ನುವುದಿದ್ದರೂ ಮುಚ್ಚಿಡಬೇಡಿ. ಪರೀಕ್ಷೆಯನ್ನು ಒಂದು ವಾರ ಮುಂದಕ್ಕೆ ಹಾಕಿದರೆ ಏನೂ ಹೋಗುವುದಿಲ್ಲ.

3. ಪರೀಕ್ಷೆಯ ದಿನ

ಪಾಪೆ ಅಗಲವಾಗಲು ಡ್ರಾಪ್ಸ್ ಹಾಕುತ್ತಾರೆ. ಕೆಲವು ಗಂಟೆ ಹತ್ತಿರದ್ದೆಲ್ಲ ಮಂಜು, ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ. ಸ್ಕೂಟರ್‌ನಲ್ಲಿ ಹೋಗಬೇಡಿ. ಜೊತೆಗೆ ಒಬ್ಬರು ಬರಲಿ, ಬ್ಯಾಗಿನಲ್ಲಿ ಕಪ್ಪು ಕನ್ನಡಕ ಇರಲಿ.

*ಕಾರ್ನಿಯಾದ ನಕ್ಷೆ.* ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಇದು. ಯಂತ್ರಕ್ಕೆ ಗದ್ದ ಊರಿ ಒಂದು ದೀಪ ನೋಡಿದರೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಪೆಂಟಾಕ್ಯಾಮ್‌ನಂಥ ಯಂತ್ರಗಳು ಕಾರ್ನಿಯಾದ ಮುಂದಿನ ಮೈ, ಹಿಂದಿನ ಮೈ, ದಪ್ಪ ಮೂರನ್ನೂ ಬಣ್ಣದ ನಕ್ಷೆಯಾಗಿ ಕೊಡುತ್ತವೆ. ಹಸಿರು, ನೀಲಿ ಕಡೆ ಬಾಗು ಕಮ್ಮಿ, ಕೆಂಪು ಕಡೆ ಜಾಸ್ತಿ. ಡಾಕ್ಟರ್ ಹುಡುಕುವುದು ಕೆರಟೊಕೋನಸ್ ಸುಳಿವನ್ನು. ಕೆರಟೊಕೋನಸ್ ಅಂದರೆ ಕಾರ್ನಿಯಾ ತೆಳುವಾಗುತ್ತಾ ಶಂಕುವಿನ ಆಕಾರಕ್ಕೆ ಮುಂದಕ್ಕೆ ಉಬ್ಬುವ ಕಾಯಿಲೆ. ಸಾಮಾನ್ಯವಾಗಿ ನಕ್ಷೆಯ ಕೆಳಭಾಗದಲ್ಲಿ ಕೆಂಪು ಗುಡ್ಡೆಯಾಗಿ ಕಾಣಿಸಿಕೊಳ್ಳುತ್ತದೆ. ಅಲರ್ಜಿಯಿಂದ ಕಣ್ಣು ಉಜ್ಜಿಕೊಳ್ಳುತ್ತಲೇ ಇರುವವರಲ್ಲಿ ಇದು ಹೆಚ್ಚು. ಇಂಥ ಕಣ್ಣಿಗೆ ಲೇಸರ್ ಹಾಯಿಸಿ ಇನ್ನಷ್ಟು ತೆಳು ಮಾಡಿದರೆ ಕಾರ್ನಿಯಾ ಕಣ್ಣೊಳಗಿನ ಒತ್ತಡ ತಾಳಲಾರದೆ ಉಬ್ಬತೊಡಗಬಹುದು. ಅದಕ್ಕೆ ಎಕ್ಟೇಶಿಯಾ ಅಂತಾರೆ. ಲೇಸರ್‌ನ ದೊಡ್ಡ ಅಪಾಯಗಳಲ್ಲಿ ಒಂದು ಅದು. ತೀರಾ ಮುಂದುವರಿದರೆ ಕಾರ್ನಿಯಾ ಕಸಿಯವರೆಗೂ ಹೋಗಬಹುದು.

*ದಪ್ಪದ ಲೆಕ್ಕ.* ಇದನ್ನು ನೀವೇ ಹಾಕಿ ನೋಡಬಹುದು. ಕಾರ್ನಿಯಾದ ನಡುವಿನ ದಪ್ಪ ಸರಾಸರಿ 540 ಮೈಕ್ರಾನ್ ಆಸುಪಾಸು (ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್). 6.5 ಮಿಲಿಮೀಟರ್ ಅಗಲದ ಜಾಗದಲ್ಲಿ ಒಂದು ಡಯಾಪ್ಟರ್ ಇಳಿಸಲು ಸುಮಾರು 14 ಮೈಕ್ರಾನ್ ಸವೆಸಬೇಕು. ಯಂತ್ರದಿಂದ ಯಂತ್ರಕ್ಕೆ ಕೊಂಚ ಹೆಚ್ಚುಕಮ್ಮಿ ಇರುತ್ತದೆ.

ನಿಮ್ಮ ದಪ್ಪ 530, ಪವರ್ ಮೈನಸ್ 5 ಅಂತಿಟ್ಟುಕೊಳ್ಳಿ. ಲಾಸಿಕ್ ಅನ್ನುವ ವಿಧಾನದಲ್ಲಿ (ವಿವರ ನಾಲ್ಕನೇ ಹಂತದಲ್ಲಿದೆ) ಮೊದಲು ಕತ್ತರಿಸಿ ಎತ್ತುವ ಮೇಲಿನ ಪದರ 110. ಸವೆಯುವುದು 5 ಸಲ 14, ಅಂದರೆ 70. ಅಡಿಯಲ್ಲಿ ಮುಟ್ಟದೆ ಉಳಿಯುವುದು 350. ಕನಿಷ್ಠ 250 ಉಳಿಯಲೇಬೇಕು ಅನ್ನುವುದು ಹಳೆಯ ನಿಯಮ, ಈಗ ಎಷ್ಟೋ ಡಾಕ್ಟರುಗಳು 300 ಕೇಳುತ್ತಾರೆ. ಹಾಗಾಗಿ ಇದು ಆರಾಮದ ಲೆಕ್ಕ. ಇನ್ನೊಬ್ಬರಿಗೆ ದಪ್ಪ 490, ಪವರ್ ಮೈನಸ್ 8. ಪದರ 110, ಸವೆತ 112, ಉಳಿದದ್ದು 268. ಹಳೆಯ ನಿಯಮದಲ್ಲಿ ಪಾಸು. ಆದರೆ ಒಟ್ಟು ದಪ್ಪದಲ್ಲಿ ಶೇಕಡ 45ರಷ್ಟನ್ನು ಮುಟ್ಟಿದ ಹಾಗಾಯಿತು. 40 ದಾಟಿದರೆ ಅಪಾಯ ಹೆಚ್ಚು ಅಂತ ಪರಿಗಣಿಸುತ್ತಾರೆ. ಇಂಥ ಕಡೆ "ಬೇಡ" ಅನ್ನುವ ಡಾಕ್ಟರ್ ನಿಮಗೆ ಒಳ್ಳೆಯದನ್ನೇ ಮಾಡುತ್ತಿದ್ದಾರೆ. "ಅಲ್ಲಿ ಆಗಲ್ಲ ಅಂದರು, ಇಲ್ಲಿ ಆಗುತ್ತೆ ಅಂದರು" ಅಂತ ಖುಷಿಪಡುವ ಮುಂಚೆ, ಎರಡೂ ಕಡೆಯ ನಕ್ಷೆ ಹಿಡಿದು ಮೂರನೆಯವರನ್ನು ಕೇಳಿ.

*ಕಣ್ಣೀರು.* ಕೆಳರೆಪ್ಪೆಯ ಅಂಚಿಗೆ ಸಣ್ಣ ಕಾಗದದ ಪಟ್ಟಿಯೊಂದನ್ನು ಮಡಚಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. ಎಷ್ಟು ಮಿಲಿಮೀಟರ್ ಒದ್ದೆಯಾಯಿತು ಅಂತ ನೋಡುತ್ತಾರೆ. ಇದೇ ಶರ್ಮರ್ ಪರೀಕ್ಷೆ. ದಿನವಿಡೀ ಎಸಿ ರೂಮಿನಲ್ಲಿ ಸ್ಕ್ರೀನ್ ನೋಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಲೇಸರ್ ಆದ ಮೇಲೆ ಬಹುತೇಕರಿಗೆ ಕೆಲವು ತಿಂಗಳು ಕಣ್ಣು ಒಣಗುತ್ತದೆ, ಕಾರ್ನಿಯಾದ ನರಗಳು ತುಂಡಾಗಿರುತ್ತವಲ್ಲ. ಮುಂಚೆಯೇ ಒಣಗಿದ ಕಣ್ಣಾದರೆ ಮೊದಲು ಅದಕ್ಕೆ ಚಿಕಿತ್ಸೆ.

*ರೆಟಿನಾ.* ಮೈನಸ್ ಪವರ್ ಜಾಸ್ತಿ ಇದ್ದವರ ರೆಟಿನಾ ಅಂಚಿನಲ್ಲಿ ತೆಳುವಾಗಿರಬಹುದು, ಸಣ್ಣ ತೂತೂ ಇರಬಹುದು. ಅಗತ್ಯ ಬಿದ್ದರೆ ಅದರ ಸುತ್ತ ಬೇರೊಂದು ಲೇಸರ್‌ನಿಂದ ಬೇಲಿ ಹಾಕುತ್ತಾರೆ. ಅದನ್ನೂ ಲೇಸರ್ ಅಂತಲೇ ಕರೆಯುವುದರಿಂದ "ಲೇಸರ್ ಆಯ್ತು, ಪವರ್ ಹೋಗಲೇ ಇಲ್ಲ" ಅಂತ ಗೊಂದಲಪಡುವವರಿದ್ದಾರೆ. ಎರಡೂ ಬೇರೆ ಬೇರೆ. ಇನ್ನೊಂದು: ಲೇಸರ್ ಆದರೂ ಕಣ್ಣುಗುಡ್ಡೆ ಉದ್ದವಾಗಿಯೇ ಇರುತ್ತದೆ. ಕನ್ನಡಕ ಹೋಯಿತು ಅಂತ ರೆಟಿನಾ ತಪಾಸಣೆ ಬಿಡುವ ಹಾಗಿಲ್ಲ.

ಡ್ರಾಪ್ಸ್ ಹಾಕುವ ಮುಂಚೆಯೇ ಪಾಪೆಯ ಅಗಲವನ್ನೂ ಕತ್ತಲೆಯಲ್ಲಿ ಅಳೆಸಿಕೊಳ್ಳಿ. ಹೊರಡುವಾಗ ಎಲ್ಲ ವರದಿಯ ಪ್ರಿಂಟ್ ಕೇಳಿ ಪಡೆಯಿರಿ.

4. ಯಾವ ವಿಧಾನ?

*ಪಿಆರ್‌ಕೆ* ಎಲ್ಲಕ್ಕಿಂತ ಹಳೆಯದು. ಮೇಲಿನ ತೆಳು ಚರ್ಮವನ್ನು ಕೆರೆದು ತೆಗೆದು ಅದರ ಕೆಳಗೆ ಲೇಸರ್ ಹಾಯಿಸುತ್ತಾರೆ. ಆ ಚರ್ಮ ಮತ್ತೆ ಬೆಳೆಯುತ್ತದೆ, ಅಲ್ಲಿಯವರೆಗೆ ಬ್ಯಾಂಡೇಜ್ ಲೆನ್ಸ್ ಹಾಕಿರುತ್ತಾರೆ. ಮೂರ್ನಾಲ್ಕು ದಿನ ಉರಿ, ನೀರು, ನೋವು ಇರುತ್ತದೆ. ನೋಟ ತಿಳಿಯಾಗಲು ವಾರಗಟ್ಟಲೆ ಬೇಕು. ಆದರೆ ಪದರ ಕತ್ತರಿಸುವುದಿಲ್ಲವಾದ್ದರಿಂದ ತೆಳು ಕಾರ್ನಿಯಾದವರಿಗೆ, ಕಬಡ್ಡಿ, ಬಾಕ್ಸಿಂಗ್ ಆಡುವವರಿಗೆ ಇದನ್ನೇ ಹೇಳುವುದುಂಟು.

*ಲಾಸಿಕ್*ನಲ್ಲಿ ತೆಳು ಪದರವೊಂದನ್ನು ಕತ್ತರಿಸಿ, ಒಂದು ಬದಿ ಅಂಟಿಕೊಂಡಿರುವಂತೆ ಬಿಟ್ಟು, ಮಗುಚಿ, ಒಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಈ ಪದರಕ್ಕೆ ಫ್ಲಾಪ್ ಅಂತಾರೆ. ಹೊಲಿಗೆ ಇಲ್ಲ. ಸಾಮಾನ್ಯವಾಗಿ ಮರುದಿನವೇ ಚೆನ್ನಾಗಿ ಕಾಣುತ್ತದೆ. "ಬ್ಲೇಡ್ ಇಲ್ಲದ ಲಾಸಿಕ್" ಅಂದರೆ ಈ ಪದರ ಕತ್ತರಿಸುವುದಕ್ಕೂ ಲೇಸರ್ ಬಳಸುತ್ತಾರೆ ಅಂತ, ಅಷ್ಟೇ.

*ಸ್ಮೈಲ್* ವಿಧಾನದಲ್ಲಿ ಕಾರ್ನಿಯಾದ ಒಳಗೇ ತೆಳು ಬಿಲ್ಲೆಯೊಂದನ್ನು ಲೇಸರ್‌ನಿಂದ ಬಿಡಿಸಿ, ಕೆಲವೇ ಮಿಲಿಮೀಟರ್ ಉದ್ದದ ಸೀಳಿನಿಂದ ಹೊರತೆಗೆಯುತ್ತಾರೆ. ಫ್ಲಾಪ್ ಇಲ್ಲ. ಮೊದಮೊದಲು ಒಣಗುವುದೂ ಕೊಂಚ ಕಮ್ಮಿ. ಮೈನಸ್ ಪವರ್‌ಗೆ ಚೆನ್ನ. ಮುಂದೆ ಪವರ್ ಉಳಿದು ಇನ್ನೊಮ್ಮೆ ತಿದ್ದಬೇಕಾದರೆ ಲಾಸಿಕ್‌ನಷ್ಟು ಸಲೀಸಲ್ಲ, ಸಾಮಾನ್ಯವಾಗಿ ಪಿಆರ್‌ಕೆ ಕಡೆ ಹೋಗಬೇಕು.

*ಐಸಿಎಲ್* ಲೇಸರ್ ಅಲ್ಲ. ನಿಮ್ಮ ಸ್ವಂತ ಲೆನ್ಸಿನ ಮುಂದೆ, ಪಾಪೆಯ ಹಿಂದೆ, ತೆಳುವಾದ ಇನ್ನೊಂದು ಲೆನ್ಸ್ ಕೂರಿಸುತ್ತಾರೆ. ಮೈನಸ್ 8, 10 ದಾಟಿದವರಿಗೆ, ಕಾರ್ನಿಯಾ ತೆಳುವಿದ್ದವರಿಗೆ ಇದು ದಾರಿ. ಬೇಡವೆಂದರೆ ತೆಗೆಯಬಹುದು. ಆದರೆ ಕಣ್ಣಿನ ಒಳಗಿನ ಆಪರೇಷನ್ ಅನ್ನುವುದು ನೆನಪಿರಲಿ.

ಹೊಸ ಹೆಸರು, ಜಾಸ್ತಿ ಬೆಲೆ ಅಂದಾಕ್ಷಣ ನಿಮ್ಮ ಕಣ್ಣಿಗೆ ಹೆಚ್ಚು ಒಳ್ಳೆಯದು ಅಂತೇನಿಲ್ಲ. "ನನ್ನ ನಕ್ಷೆಗೆ ಇದೇ ಯಾಕೆ?" ಅಂತ ಕೇಳಿ. ಉತ್ತರ ನಿಮ್ಮ ವರದಿಯನ್ನು ತೋರಿಸಿ ಬರಬೇಕು, ಪ್ಯಾಕೇಜ್ ಪಟ್ಟಿಯನ್ನು ತೋರಿಸಿ ಅಲ್ಲ.

5. ದುಡ್ಡು, ವಿಮೆ, ನೌಕರಿ

ಜಾಹೀರಾತಿನ ಬೆಲೆ ಒಂದು ಕಣ್ಣಿಗೋ ಎರಡಕ್ಕೋ? ಪರೀಕ್ಷೆ, ಡ್ರಾಪ್ಸ್, ಆಮೇಲಿನ ಭೇಟಿಗಳು ಸೇರಿವೆಯಾ? ಪವರ್ ಉಳಿದರೆ ಎರಡನೇ ಸಲ ತಿದ್ದುವುದಕ್ಕೆ ಮತ್ತೆ ದುಡ್ಡು ಕೊಡಬೇಕಾ, ಎಷ್ಟು ವರ್ಷದವರೆಗೆ? ಬರೆಸಿಕೊಳ್ಳಿ.

ನಮ್ಮ ಆರೋಗ್ಯ ವಿಮೆಗಳಲ್ಲಿ, ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಗದಿ ಮಾಡಿದ ಒಂದು ಸಾಲಿದೆ: 7.5 ಡಯಾಪ್ಟರ್‌ಗಿಂತ ಕಮ್ಮಿ ಪವರ್ ಸರಿಪಡಿಸುವ ಖರ್ಚು ಕೊಡುವುದಿಲ್ಲ. ಅಂದರೆ ಬಹುತೇಕರಿಗೆ ಕೈಯಿಂದಲೇ ಖರ್ಚು. ಅದಕ್ಕಿಂತ ಜಾಸ್ತಿ ಇದ್ದರೆ ಪಾಲಿಸಿ ತೆಗೆದು ಓದಿ, ಆಪರೇಷನ್‌ಗೆ ಮುಂಚೆಯೇ ಕಂಪನಿಯಿಂದ ಒಪ್ಪಿಗೆ ತೆಗೆದುಕೊಳ್ಳಿ.

ಸರ್ಕಾರಿ ನೌಕರಿಗೆ ಓದುತ್ತಿರುವವರು ಇಲ್ಲಿ ಎಡವುತ್ತಾರೆ. "ಕಣ್ಣಿನ ಪರೀಕ್ಷೆ ಪಾಸಾಗಲು ಲೇಸರ್ ಮಾಡಿಸುತ್ತೇನೆ" ಅನ್ನುವುದು ಕೆಲವು ಹುದ್ದೆಗೆ ತಿರುಗುಬಾಣ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲಾಸಿಕ್ ಮಾಡಿಸಿಕೊಂಡವರು ಅನರ್ಹರು ಅಂತ ಅಧಿಸೂಚನೆಯಲ್ಲೇ ಇರುತ್ತದೆ. ವಾಯುಪಡೆಯಂಥ ಕಡೆ ಮಾಡಿಸಿಕೊಂಡ ವಯಸ್ಸು, ಆಮೇಲೆ ಕಳೆದ ಸಮಯ, ಉಳಿದ ಕಾರ್ನಿಯಾ ದಪ್ಪ ಇವುಗಳಿಗೆ ಶರತ್ತುಗಳಿವೆ. ಆಯಾ ವರ್ಷದ ಅಧಿಸೂಚನೆ ಓದದೆ ಮುಂಗಡ ಕಟ್ಟಬೇಡಿ.

6. ಆಪರೇಷನ್ ದಿನ

ಬೆಳಗ್ಗೆ ತಲೆಗೆ ಸ್ನಾನ ಮಾಡಿಕೊಳ್ಳಿ, ಇನ್ನು ಕೆಲವು ದಿನ ಆಗುವುದಿಲ್ಲ. ಕಾಡಿಗೆ, ಕ್ರೀಮ್ ಬೇಡ. ಸೆಂಟ್ ಅಂತೂ ಬೇಡವೇ ಬೇಡ, ಅದರ ಆವಿ ಲೇಸರ್‌ಗೆ ಅಡ್ಡಿ. ತಲೆಯಿಂದ ಎಳೆದು ಹಾಕುವ ಟೀ ಶರ್ಟ್ ಬದಲು ಮುಂದೆ ಗುಂಡಿ ಇರುವ ಅಂಗಿ ಹಾಕಿ.

ಮರಗಟ್ಟಿಸಲು ಡ್ರಾಪ್ಸ್ ಮಾತ್ರ, ಇಂಜೆಕ್ಷನ್ ಇಲ್ಲ. ರೆಪ್ಪೆ ಮುಚ್ಚದಂತೆ ಕ್ಲಿಪ್ ಹಾಕಿರುತ್ತಾರೆ, ಹಾಗಾಗಿ "ಮಿಟುಕಿಸಿಬಿಟ್ಟರೆ?" ಅನ್ನುವ ಭಯ ಬೇಡ. ಲಾಸಿಕ್, ಸ್ಮೈಲ್‌ನಲ್ಲಿ ಕಣ್ಣನ್ನು ಹಿಡಿದಿಡುವ ಯಂತ್ರ ಅಮುಕಿದಾಗ ಒತ್ತಿದ ಹಾಗಾಗಿ, ನೋಟ ಕೆಲವು ಕ್ಷಣ ಮಸುಕಾಗಬಹುದು, ಕತ್ತಲೆಯೇ ಆಗಬಹುದು. ಇದನ್ನು ಮುಂಚೆ ಯಾರೂ ಹೇಳದೆ ಇದ್ದರೆ ಗಾಬರಿಯಾಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಕೆಲಸ ಇಷ್ಟೇ: ಮಿನುಗುವ ದೀಪವನ್ನೇ ನೋಡುತ್ತಾ ಅಲ್ಲಾಡದೆ ಮಲಗುವುದು. ಎಕ್ಸೈಮರ್ ಯಂತ್ರಗಳು ಕಣ್ಣಿನ ಚಲನೆಯನ್ನು ಹಿಂಬಾಲಿಸುತ್ತವೆ, ಜಾಸ್ತಿ ಸರಿದರೆ ಲೇಸರ್ ತಾನೇ ನಿಲ್ಲುತ್ತದೆ.

ಮನೆಗೆ ಹೋಗಿ ಮಲಗಿಬಿಡಿ. ಮೊದಲ ಕೆಲವು ಗಂಟೆ ಕಣ್ಣಿಗೆ ಮರಳು ಬಿದ್ದಂತೆ ಇರುತ್ತದೆ, ನೀರು ಸುರಿಯುತ್ತದೆ.

7. ಆಮೇಲಿನ ದಿನಗಳು

ಉಜ್ಜಬಾರದು. ಎಲ್ಲಕ್ಕಿಂತ ಮೇಲಿನ ನಿಯಮ ಇದೇ, ನಿದ್ದೆಯಲ್ಲೂ. ಅದಕ್ಕೇ ರಾತ್ರಿ ಹಾಕಿಕೊಳ್ಳಲು ಕಣ್ಣಿನ ಕವಚ ಕೊಡುತ್ತಾರೆ. ಉಜ್ಜಿದರೆ ಫ್ಲಾಪ್ ಸರಿಯಬಹುದು.

ಒಂದೆರಡು ವಾರ ಕಣ್ಣಿಗೆ ನಲ್ಲಿ ನೀರು ಬೀಳಬಾರದು. ಈಜು, ಹೊಳೆ ಸ್ನಾನ ಒಂದು ತಿಂಗಳು ಬೇಡ. ಯುಗಾದಿ, ದೀಪಾವಳಿಯ ಎಣ್ಣೆಸ್ನಾನ, ಹೋಳಿ ಹತ್ತಿರ ಇದ್ದರೆ ಆಪರೇಷನ್ ತಾರೀಖನ್ನೇ ಆಚೀಚೆ ಮಾಡಿ. ಮದುವೆಯವರ ಪ್ರಶ್ನೆಗೂ ಇಲ್ಲೇ ಉತ್ತರ: ಲಾಸಿಕ್, ಸ್ಮೈಲ್ ಆದರೆ ಎರಡು ತಿಂಗಳು ಸಾಕು. ಪಿಆರ್‌ಕೆ ಆದರೆ ಮೂರು ತಿಂಗಳಾದರೂ ಇರಲಿ ಅನ್ನುವುದು ನನ್ನ ಮಾತು. ಹೋಮದ ಹೊಗೆ, ಕಣ್ಣಿನ ಮೇಕಪ್ಪು, ನಿದ್ದೆಗೇಡು ಎಲ್ಲ ಒಟ್ಟಿಗೆ ಬರುತ್ತವೆ.

ಡ್ರಾಪ್ಸ್ ಹಾಕುವಾಗ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಹಿಡಿದು ಹನಿ ಬಿಡಿ, ಸೀಸೆಯ ತುದಿ ಕಣ್ಣಿಗೆ ತಾಗಬಾರದು. ಎರಡು ಬಗೆಯ ಡ್ರಾಪ್ಸ್ ನಡುವೆ 5 ನಿಮಿಷ ಬಿಡಿ. ಅದರಲ್ಲಿ ಒಂದು ಸ್ಟೀರಾಯ್ಡ್ ಇರುತ್ತದೆ. ಹೇಳಿದ ದಿನಕ್ಕೆ ನಿಲ್ಲಿಸಬೇಕು. "ಹಾಕಿದರೆ ಹಾಯಾಗಿರುತ್ತೆ" ಅಂತ ಮೆಡಿಕಲ್ ಶಾಪಿನಿಂದ ಮತ್ತೆ ಮತ್ತೆ ತಂದು ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಆಗಬಹುದು. ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಎದೆಹಾಲು ಯಾವುದೂ ಕಣ್ಣಿಗೆ ಬೇಡ. ಅಜ್ಜಿ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಮೊದಲ ತಿಂಗಳುಗಳಲ್ಲಿ ರಾತ್ರಿ ದೀಪದ ಸುತ್ತ ಬಳೆ ಕಾಣುವುದು, ಎದುರು ಬರುವ ಗಾಡಿಯ ಲೈಟ್ ಚೆದುರುವುದು ಸಾಮಾನ್ಯ. ಬಹುತೇಕರಿಗೆ ಕಮ್ಮಿಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ರಾತ್ರಿ ಗಾಡಿ ಓಡಿಸುವುದೇ ಕಸುಬಾದವರು ಇದನ್ನು ತೂಗಿ ನೋಡಿಯೇ ಒಪ್ಪಬೇಕು.

ನೋವು ಕಮ್ಮಿಯಾಗುವ ಬದಲು ಹೆಚ್ಚಾದರೆ, ಚೆನ್ನಾಗಿದ್ದ ನೋಟ ತಟ್ಟನೆ ಮಂಜಾದರೆ, ಕಣ್ಣು ಕೆಂಪಾಗಿ ಕೀವು ಬಂದರೆ, ಕಣ್ಣಿಗೆ ಪೆಟ್ಟು ಬಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮುಂದಿನ ಭೇಟಿಯ ತಾರೀಖಿನವರೆಗೆ ಕಾಯಬೇಡಿ. ಮಿಂಚು ಹೊಡೆದಂತೆ ಬೆಳಕು, ಕಪ್ಪು ಚುಕ್ಕಿಗಳ ಮಳೆ ಕಂಡರೆ ಅದು ರೆಟಿನಾದ ಸೂಚನೆ. ವರ್ಷಗಳು ಕಳೆದ ಮೇಲೆ ಕಂಡರೂ ತಡ ಮಾಡಬಾರದು.

ಉಳಿದ ಎರಡು ಪ್ರಶ್ನೆಗಳು

*ಮತ್ತೆ ಪವರ್ ಬರುತ್ತಾ?* ಕೆಲವರಿಗೆ ವರ್ಷಗಳಲ್ಲಿ ಅರ್ಧ, ಮುಕ್ಕಾಲು ಬರಬಹುದು. ಮೊದಲ ಪವರ್ ಜಾಸ್ತಿ ಇದ್ದಷ್ಟೂ ಸಾಧ್ಯತೆ ಜಾಸ್ತಿ. ಕಾರ್ನಿಯಾ ದಪ್ಪ ಸಾಕಷ್ಟು ಉಳಿದಿದ್ದರೆ ಇನ್ನೊಮ್ಮೆ ತಿದ್ದಬಹುದು. ಇಲ್ಲವಾದರೆ ರಾತ್ರಿ ಗಾಡಿ ಓಡಿಸಲು ಒಂದು ತೆಳು ಕನ್ನಡಕ ಇಟ್ಟುಕೊಳ್ಳಿ.

*ಲೇಸರ್ ಆದವರು ನೇತ್ರದಾನ ಮಾಡಬಹುದಾ?* 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣುಗಳು ನಾಲ್ಕು ಜನಕ್ಕೆ ನೋಟ ಕೊಟ್ಟಿದ್ದರಿಂದ ನಮ್ಮಲ್ಲಿ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಮಾಡಬಹುದು. ಪುನೀತ್ ಅವರ ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ಇಬ್ಬಿಬ್ಬರಿಗೆ ಹಾಕಿದ್ದರು. ಲೇಸರ್ ಮುಟ್ಟುವುದು ಮುಂದಿನ ಭಾಗವನ್ನು. ಇಡೀ ಕಾರ್ನಿಯಾ ಕಸಿಗೆ ಅದು ಸಾಮಾನ್ಯವಾಗಿ ಆಗಿಬರುವುದಿಲ್ಲ, ಆದರೆ ಹಿಂದಿನ ಪದರ ಬಳಕೆಗೆ ಬರಬಹುದು. ಹೆಸರು ನೋಂದಾಯಿಸಿ, ಲೇಸರ್ ಆಗಿದೆ ಅಂತ ಮನೆಯವರಿಗೆ ತಿಳಿಸಿಡಿ. ನಿರ್ಧಾರ ನೇತ್ರ ಬ್ಯಾಂಕಿನವರದು.

8. ಫೈಲ್ ಎಸೆಯಬೇಡಿ

ಇದನ್ನು ಕೊನೆಯಲ್ಲಿ ಬರೆದಿದ್ದರೂ ಚಿಕ್ಕ ವಿಷಯವಲ್ಲ. ಇಪ್ಪತ್ತು ಮೂವತ್ತು ವರ್ಷದ ಮೇಲೆ ನಿಮಗೂ ಕಣ್ಣಿನ ಪೊರೆ ಬರುತ್ತದೆ. ಆಗ ಒಳಗೆ ಹಾಕುವ ಲೆನ್ಸಿನ ಪವರ್ ಲೆಕ್ಕ ಹಾಕಲು ಕಾರ್ನಿಯಾದ ಬಾಗನ್ನು ಅಳೆಯುತ್ತಾರೆ. ಲೇಸರ್ ಆದ ಕಾರ್ನಿಯಾದಲ್ಲಿ ಮಾಮೂಲಿ ಲೆಕ್ಕ ತಪ್ಪುತ್ತದೆ. ಹಳೆಯ ಅಳತೆ ಇದ್ದರೆ ಡಾಕ್ಟರ್‌ಗೆ ಸರಿಯಾದ ಲೆನ್ಸ್ ಆರಿಸುವುದು ಸುಲಭ. ಕಣ್ಣಿನ ಒತ್ತಡವೂ ಹಾಗೆಯೇ: ಕಾರ್ನಿಯಾ ತೆಳುವಾದ್ದರಿಂದ ಯಂತ್ರ ನಿಜಕ್ಕಿಂತ ಕಮ್ಮಿ ತೋರಿಸುತ್ತದೆ, ಗ್ಲಾಕೋಮಾ ಕಣ್ತಪ್ಪಬಹುದು. ಮುಂದೆ ಯಾವ ಕಣ್ಣಿನ ಡಾಕ್ಟರ್ ಹತ್ತಿರ ಹೋದರೂ "ನನಗೆ ಲೇಸರ್ ಆಗಿದೆ" ಅಂತ ಮೊದಲೇ ಹೇಳಿ. ಮುಂಚಿನ ಪವರ್, ಕಾರ್ನಿಯಾ ನಕ್ಷೆ, ದಪ್ಪ, ಮಾಡಿದ ವಿಧಾನ, ತಾರೀಖು ಇಷ್ಟನ್ನು ಫೋಟೊ ತೆಗೆದು ನಿಮಗೇ ಒಂದು ಮೇಲ್ ಕಳಿಸಿಕೊಳ್ಳಿ. ಕಾಗದವನ್ನು ಆಸ್ತಿಪತ್ರ ಇಡುವ ಕಡೆಯೇ ಇಡಿ.